ಗಾಳಿಯ ಅನುದಾನ ಪಟ್ಟಣಕ್ಕೆ, ಹೊಗೆ ಹಳ್ಳಿಗೆ: ಜಾಗೃತಿಯ ದುಡ್ಡು ಒಂದುಗೂಡುವುದು ಹೇಗೆ?

ಭೀಮಾ, ಸೀನಾ ನದಿಗಳ ದಂಡೆಯ ಊರುಗಳಲ್ಲಿ ಕಬ್ಬು ಕಡಿದು ಗ್ಯಾಂಗಿನವರು ಹೊರಟರೆಂದರೆ ಅಂದೋ ಮರುದಿನವೋ ಹೊಲದಲ್ಲಿ ಬೆಂಕಿ ಕಾಣುತ್ತದೆ. ರವದಿ ಸುಟ್ಟರೆ ಒಂದೇ ರಾತ್ರಿಯಲ್ಲಿ ಹೊಲ ಹಸನಾಗುತ್ತದೆ, ಕೂಳೆ ಬೇಗ ಚಿಗುರುತ್ತದೆ ಎಂಬುದು ಅಪ್ಪನ ಕಾಲದಿಂದ ಬಂದ ನಂಬಿಕೆ. ಕರಿ ಬೂದಿ ಹಾರಿಬಂದು ಅಂಗಳದಲ್ಲಿ ಒಣಹಾಕಿದ ಶಾವಿಗೆಯ ಮೇಲೆ ಕೂಡುತ್ತದೆ. ಹೆಂಗಸರು ಬೈದುಕೊಳ್ಳುತ್ತಾರೆ, ದಮ್ಮಿನ ಮುದುಕರು ರಾತ್ರಿಯೆಲ್ಲ ಎದ್ದು ಕೂಡುತ್ತಾರೆ. ಬೆಳಗಾದರೆ ಎಲ್ಲರೂ ಮರೆಯುತ್ತಾರೆ.

ಅದೇ ಹೊತ್ತಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಗಂಟೆಯೊಪ್ಪತ್ತಿನ ದಾರಿಯ ಸೊಲ್ಲಾಪುರ ನಗರದಲ್ಲಿ ಗಾಳಿಯನ್ನು ಸ್ವಚ್ಛಗೊಳಿಸಲೆಂದೇ ಕೇಂದ್ರ ಸರಕಾರದ ಅನುದಾನ ಖರ್ಚಾಗುತ್ತ ಬಂದಿದೆ. ಹಳ್ಳಿಯ ಹೊಗೆಗೂ ಆ ಅನುದಾನಕ್ಕೂ ಕಾಗದದ ಮೇಲೆ ಯಾವ ಸಂಬಂಧವೂ ಇಲ್ಲ. ಗಾಳಿಗೆ ಮಾತ್ರ ಮಹಾನಗರಪಾಲಿಕೆಯ ಹದ್ದು ಎಲ್ಲಿ ಮುಗಿಯುತ್ತದೆ ಎಂಬುದು ತಿಳಿಯದು.

ಹಾಗಾದರೆ ಹಳ್ಳಿಯವರಿಗೆ ಹೊಗೆಯ ಬಗ್ಗೆ ತಿಳಿಸಿಹೇಳಲು ಸರಕಾರದಲ್ಲಿ ದುಡ್ಡೇ ಇಲ್ಲವೇ? ಇದೆ. ಆದರೆ ಒಂದು ಕಡೆ ಇಲ್ಲ, ನಾಲ್ಕಾರು ಇಲಾಖೆಗಳಲ್ಲಿ ಚಿಲ್ಲರೆ ಚಿಲ್ಲರೆಯಾಗಿ ಬಿದ್ದಿದೆ. ಅದನ್ನು ಒಂದು ಕೆಲಸಕ್ಕೆ ಕೂಡಿಸುವುದು ಹೇಗೆ ಎಂಬುದೇ ಪ್ರಶ್ನೆ.

ದೊಡ್ಡ ಅನುದಾನದ ಕತೆ

ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮವನ್ನು ಕೇಂದ್ರದ ಪರಿಸರ ಸಚಿವಾಲಯ 2019ರ ಜನವರಿಯಲ್ಲಿ ಆರಂಭಿಸಿತು. ಇಂಗ್ಲಿಷಿನ ಮೊದಲಕ್ಷರ ಕೂಡಿಸಿ ಇದನ್ನು ಎನ್‌ಸಿಎಪಿ ಎನ್ನುತ್ತಾರೆ. ಗಾಳಿಯಲ್ಲಿನ ಧೂಳಿನ ಕಣಗಳನ್ನು 2017ರ ಮಟ್ಟಕ್ಕಿಂತ ಶೇ. 20ರಿಂದ 30ರಷ್ಟು ಇಳಿಸಬೇಕು, ಅದೂ 2024ರೊಳಗೆ, ಎಂಬುದು ಮೊದಲ ಗುರಿ. ಆಮೇಲೆ ಅದನ್ನು 2025-26ರೊಳಗೆ ಶೇ. 40ರವರೆಗೆ ಎಂದು ಏರಿಸಲಾಯಿತು. ಇಲ್ಲವೇ ಪಿಎಂ 10 ಎನ್ನುವ ದಪ್ಪ ಕಣಗಳು ದೇಶದ ಮಾನದಂಡದೊಳಗೆ, ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 60 ಮೈಕ್ರೋಗ್ರಾಮಿನೊಳಗೆ ಬರಬೇಕು. ಇದಕ್ಕಿಂತ ಸಣ್ಣ ಕಣ ಪಿಎಂ 2.5. ಎದೆಗೂಡಿನ ಆಳಕ್ಕಿಳಿದು ರಕ್ತಕ್ಕೂ ಸೇರುವುದು ಅದೇ. ಒಲೆಯ ಹೊಗೆ, ರವದಿಯ ಹೊಗೆಗಳಲ್ಲಿ ಹೆಚ್ಚಾಗಿರುವುದೂ ಅದೇ.

ಪಟ್ಟಿಯಲ್ಲಿರುವುದು ಸುಮಾರು 130 ನಗರಗಳು. ಮಹಾರಾಷ್ಟ್ರದ ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರ, ಲಾತೂರು ಇದರಲ್ಲಿವೆ. ಗಡಿಯಾಚೆಯ ಕಲಬುರಗಿ, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಬೆಂಗಳೂರು ಇವೆ. ಆದವಾನಿ, ರಾಯದುರ್ಗದ ಕಡೆಯವರಿಗೆ ಹತ್ತಿರದ ಕರ್ನೂಲು, ಅನಂತಪುರಗಳೂ ಇವೆ. ಕೇರಳದ ಒಂದು ನಗರವೂ ಇಲ್ಲ.

2025-26ರವರೆಗೆ ದುಡ್ಡು ಬರುತ್ತಿದ್ದ ದಾರಿ ಎರಡು. ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ 15ನೇ ಹಣಕಾಸು ಆಯೋಗದ ಅನುದಾನ, ಉಳಿದ 82 ನಗರಗಳಿಗೆ ನೇರವಾಗಿ ಈ ಕಾರ್ಯಕ್ರಮದ ಅನುದಾನ. 2011ರ ಜನಗಣತಿಯಲ್ಲಿ ಸೊಲ್ಲಾಪುರ ಹತ್ತು ಲಕ್ಷ ಮುಟ್ಟಿರಲಿಲ್ಲ, ಹಾಗಾಗಿ ಎರಡನೇ ಗುಂಪಿಗೆ ಸೇರಿತು. ಯಾವ ದಾರಿಯಿಂದ ಬಂದರೂ ಹಣ ಸೇರುವುದು ನಗರದ ಸ್ಥಳೀಯ ಸಂಸ್ಥೆಗೆ. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಗ್ರಾಮ ಪಂಚಾಯತಿಗಳಿಗೆ ಅದರಲ್ಲಿ ಪಾಲಿಲ್ಲ.

ನಗರಗಳಾದರೂ ಅದನ್ನು ಹೇಗೆ ಖರ್ಚು ಮಾಡಿವೆ? ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ದೇಶದಾದ್ಯಂತದ ಲೆಕ್ಕ ತೆಗೆದು ನೋಡಿತು. ನೂರು ರೂಪಾಯಿಯಲ್ಲಿ 64 ರೂಪಾಯಿ ರಸ್ತೆ ಧೂಳಿಗೇ ಹೋಗಿತ್ತು: ರಸ್ತೆ ಮಾಡಿಸುವುದು, ತಗ್ಗು ಮುಚ್ಚುವುದು, ನೀರು ಸಿಂಪಡಿಸುವುದು, ಕಸ ಗುಡಿಸುವ ಯಂತ್ರ ಕೊಳ್ಳುವುದು. ಕಸ, ಕಟ್ಟಿಗೆ, ಬೆಳೆಯ ಉಳಿಕೆ ಸುಡುವುದನ್ನು ತಡೆಯಲು ಹೋದದ್ದು ಸುಮಾರು ಹದಿನಾಲ್ಕೂವರೆ ರೂಪಾಯಿ, ವಾಹನದ ಹೊಗೆಗೆ ಹನ್ನೆರಡೂವರೆ. ಕಾರಖಾನೆಗಳ ಹೊಗೆಗೆ ಒಂದು ರೂಪಾಯಿಯೂ ಇಲ್ಲ, 61 ಪೈಸೆ. ರಸ್ತೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಗಾಳಿಯ ಹೆಸರಿನಲ್ಲಿ ಡಾಂಬರು ಹಾಕುವುದು ಗುತ್ತಿಗೆದಾರರಿಗೆ ಹೆಚ್ಚು ಪರಿಚಿತವಾದ ಕೆಲಸ ಎನ್ನುವುದೂ ಸುಳ್ಳಲ್ಲ.

ಜನಜಾಗೃತಿಗೆ ಎಷ್ಟು ಬೆಲೆ ಎಂಬುದಕ್ಕೆ ಇನ್ನೊಂದು ಅಳತೆಗೋಲು ಇದೆ. ಪ್ರತಿ ವರ್ಷ ಸೆಪ್ಟೆಂಬರ್ 7ರ ಶುದ್ಧ ವಾಯು ದಿನದ ಹೊತ್ತಿಗೆ ಸಚಿವಾಲಯ ಈ ನಗರಗಳಿಗೆ ಸ್ಪರ್ಧೆ ಇಟ್ಟು ಅಂಕ ಕೊಡುತ್ತ ಬಂದಿದೆ. ಕಸ ಮತ್ತು ಕಟ್ಟಿಗೆ ಸುಡುವುದರ ತಡೆಗೆ 20, ರಸ್ತೆ ಧೂಳಿಗೆ 20, ವಾಹನಕ್ಕೆ 20, ಉದ್ದಿಮೆಗೆ 20 ಎಂದು ಹಂಚಿದ ಆ ನೂರರಲ್ಲಿ ಸಾರ್ವಜನಿಕ ಜಾಗೃತಿಗೆ ಇಟ್ಟದ್ದು ಎರಡೂವರೆ. ಎರಡೂವರೆ ಅಂಕಕ್ಕಾಗಿ ಯಾವ ಅಧಿಕಾರಿಯೂ ಊರೂರು ತಿರುಗುವುದಿಲ್ಲ. ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೆ ಫಲಕ ಕೊಟ್ಟು, ಫೋಟೋ ತೆಗೆದು ಕಳಿಸಿದರೆ ಸಾಕಾಗುತ್ತದೆ.

ಚಿಲ್ಲರೆ ದುಡ್ಡು ಎಲ್ಲೆಲ್ಲಿದೆ?

ಹಳ್ಳಿಗೆ ಬರುವ ಯೋಜನೆಗಳಲ್ಲಿ ‘ಮಾಹಿತಿ, ಶಿಕ್ಷಣ ಮತ್ತು ಸಂವಹನ’ ಎಂಬ ಒಂದು ಬಾಬತ್ತು ಇರುತ್ತದೆ. ಕಚೇರಿಗಳಲ್ಲಿ ಇದಕ್ಕೆ ಐಇಸಿ ಎನ್ನುತ್ತಾರೆ. ಗೋಡೆಬರಹ, ಬೀದಿನಾಟಕ, ಕಲಾಪಥಕ, ಕರಪತ್ರ ಎಲ್ಲ ಇದರಲ್ಲಿಯೇ ಬರುತ್ತವೆ. ಸ್ವಚ್ಛ ಭಾರತದ ಗ್ರಾಮೀಣ ವಿಭಾಗದ ಎರಡನೇ ಹಂತ 2020ರಲ್ಲಿ ಶುರುವಾದಾಗ ಅದರ ಮಾರ್ಗಸೂಚಿ ಈ ಬಾಬತ್ತು ಹಾಗೂ ತರಬೇತಿಗೆಂದು ಶೇ. 5ರವರೆಗೆ ಅವಕಾಶ ಕೊಟ್ಟಿತು. ಅದರಲ್ಲಿ ರಾಜ್ಯ, ಜಿಲ್ಲೆಯ ಪಾಲು ಶೇ. 3ರವರೆಗೆ. ತಿಪ್ಪೆ, ಪ್ಲಾಸ್ಟಿಕ್ ಸುಡಬೇಡಿ ಎಂದು ಹೇಳುವುದು ಈ ಹಣದ ಕೆಲಸದೊಳಗೇ ಬರುತ್ತದೆ. ಬಯಲಲ್ಲಿ ಕಸ ಸುಟ್ಟರೆ 5 ಸಾವಿರ ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25 ಸಾವಿರ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿಯೇ ಆದೇಶಿಸಿದ್ದು ಎಷ್ಟು ಹಳ್ಳಿಗಳಿಗೆ ಗೊತ್ತು?

ಆರೋಗ್ಯ ಇಲಾಖೆಯ ಕಡೆಯಿಂದ ಪ್ರತಿ ಊರಿನ ಆರೋಗ್ಯ, ಪೋಷಣೆ, ನೈರ್ಮಲ್ಯ ಸಮಿತಿಗೆ ವರ್ಷಕ್ಕೆ 10 ಸಾವಿರ ರೂಪಾಯಿವರೆಗೆ ಕಟ್ಟುಪಾಡಿಲ್ಲದ ಹಣ ಎಂದು ರಾಷ್ಟ್ರೀಯ ಆರೋಗ್ಯ ಅಭಿಯಾನ ಇಟ್ಟುಕೊಂಡು ಬಂದಿದೆ. ಮೊತ್ತ ಸಣ್ಣದು. ಆದರೆ ಊರಲ್ಲೇ ಇರುವ ಸಮಿತಿ, ಆಶಾ ಕಾರ್ಯಕರ್ತೆ, ಅಂಗನವಾಡಿ ಸೇವಿಕೆ ಎಲ್ಲರೂ ಅದರಲ್ಲಿರುತ್ತಾರೆ. 2019ರಲ್ಲಿ ಬಂದ ಹವಾಮಾನ ಬದಲಾವಣೆ ಮತ್ತು ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿಯೂ ಗಾಳಿ ಕೆಟ್ಟು ಬರುವ ಕಾಯಿಲೆಗಳ ತಿಳಿವಳಿಕೆ ಒಂದು ಅಂಗ. ಕೃಷಿ ಇಲಾಖೆಯ ‘ಆತ್ಮಾ’ ಯೋಜನೆಯಡಿ ರೈತರಿಗೆ ತರಬೇತಿ, ಹೊಲದ ಮೇಲಿನ ಪ್ರಾತ್ಯಕ್ಷಿಕೆಗಳಿಗೆ ಹಣವಿದೆ.

ಪಂಚಾಯತಿಯ ಕೈಯಲ್ಲಿಯೇ ಇರುವುದು ಹಣಕಾಸು ಆಯೋಗದ ಅನುದಾನ. 2021-22ರಿಂದ 2025-26ರವರೆಗಿನ 15ನೇ ಆಯೋಗದ ಐದು ವರ್ಷಗಳಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಲಾಗಿತ್ತು. ಉಳಿದ ಶೇ. 40ರಷ್ಟನ್ನು, ಸಂಬಳ ಮತ್ತು ಕಚೇರಿ ಖರ್ಚು ಬಿಟ್ಟು, ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಾಗಿತ್ತು. ಆ ಶೇ. 40ರಲ್ಲಿ ಹೊಗೆ ಎಂಬ ಶಬ್ದ ಬಂದ ಊರುಗಳು ಬಹಳ ಇರಲಾರವು.

ಇದೆಲ್ಲದರ ಮೇಲೆ ಮಹಾರಾಷ್ಟ್ರದ್ದೇ ಆದ ‘ಮಾಝಿ ವಸುಂಧರಾ’ ಅಭಿಯಾನವಿದೆ. 2020ರ ಅಕ್ಟೋಬರ್ 2ರಂದು ಶುರುವಾದ ಇದು ಭೂಮಿ, ವಾಯು, ಜಲ, ಅಗ್ನಿ, ಆಕಾಶ ಎಂಬ ಪಂಚಭೂತಗಳ ಮೇಲೆ ನಿಂತದ್ದು. ಇದರ ಹೆಚ್ಚುಗಾರಿಕೆ ಎಂದರೆ ನಗರಗಳಷ್ಟೇ ಅಲ್ಲ, ಗ್ರಾಮ ಪಂಚಾಯತಿಗಳೂ ಇದರಲ್ಲಿ ಅಂಕ ಪಡೆದು ಬಹುಮಾನ ಗಳಿಸಬಹುದು. ಹಳ್ಳಿಯ ಪಂಚಾಯತಿಯನ್ನು ‘ನಿನ್ನ ಊರಿನ ಗಾಳಿ ಹೇಗಿದೆ?’ ಎಂದು ಕೇಳುವ ಸರಕಾರಿ ಕಾಗದ ಈ ಭಾಗದಲ್ಲಿ ಇದೊಂದೇ ಎಂದರೂ ನಡೆಯುತ್ತದೆ.

ಒಂದೇ ಗಲ್ಲೆಗೆ ಹಾಕಲು ಬರುವುದಿಲ್ಲ

ಇಷ್ಟೆಲ್ಲ ಇದ್ದರೆ ಎಲ್ಲವನ್ನೂ ಒಂದು ಖಾತೆಗೆ ಹಾಕಿ ಒಂದು ದೊಡ್ಡ ಅಭಿಯಾನ ಮಾಡಬಾರದೇಕೆ ಎಂದು ಯಾರಿಗಾದರೂ ಅನಿಸುತ್ತದೆ. ಅದು ಆಗದ ಮಾತು. ಒಂದು ಯೋಜನೆಯ ಹಣವನ್ನು ಇನ್ನೊಂದಕ್ಕೆ ತಿರುಗಿಸಿದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪ ಬೀಳುತ್ತದೆ, ಗ್ರಾಮಸೇವಕರ ಸಂಬಳಕ್ಕೆ ಕೈ ಬೀಳುತ್ತದೆ. 2021ರ ಜುಲೈಯಿಂದ ಕೇಂದ್ರ ಪುರಸ್ಕೃತ ಯೋಜನೆ ಒಂದೊಂದಕ್ಕೂ ರಾಜ್ಯದಲ್ಲಿ ಒಂದೇ ನೋಡಲ್ ಖಾತೆ ಇರಬೇಕು, ಖರ್ಚು ಅಲ್ಲಿಂದಲೇ ನಡೆಯಬೇಕು ಎಂಬ ಪದ್ಧತಿ ಬಂದಿದೆ. ವರ್ಷದ ಕೊನೆಗೆ ಪ್ರತಿಯೊಂದಕ್ಕೂ ಬೇರೆ ಬಳಕೆ ಪ್ರಮಾಣಪತ್ರ. ಹಣ ಸೋರಬಾರದೆಂದು ಮಾಡಿದ ಈ ಬಿಗಿ ಒಳ್ಳೆಯದೇ. ಅದರಿಂದ ಆದ ತೊಂದರೆ ಎಂದರೆ, ಪ್ರತಿ ಇಲಾಖೆಯೂ ತನ್ನ ಪಾಲಿನ ಕರಪತ್ರ ಅಚ್ಚು ಹಾಕಿಸಿ ತನ್ನ ಪ್ರಮಾಣಪತ್ರ ಕಳಿಸಿ ಕೈತೊಳೆದುಕೊಳ್ಳುತ್ತದೆ. ಒಂದೇ ಊರಿನ ಗೋಡೆಯ ಮೇಲೆ ನಾಲ್ಕು ಇಲಾಖೆಗಳ ನಾಲ್ಕು ಬರಹ, ಓದುವವರು ಯಾರೂ ಇಲ್ಲ.

ದಾರಿ ಇರುವುದು ‘ಒಗ್ಗೂಡಿಸುವಿಕೆ’ಯಲ್ಲಿ. ಮರಾಠಿ ಕಾಗದಗಳಲ್ಲಿ ‘ಅಭಿಸರಣ’ ಎಂದು ಬರೆಯುವುದು ಇದನ್ನೇ. ಎನ್‌ಸಿಎಪಿಯ ಹುಟ್ಟಿನಲ್ಲಿಯೇ ಈ ಮಾತು ಇದೆ. ಸ್ವಚ್ಛ ಭಾರತ, ಅಮೃತ್, ವಿದ್ಯುತ್ ವಾಹನಗಳ ಯೋಜನೆ, ನಗರವನ ಯೋಜನೆ ಮುಂತಾದವುಗಳ ಹಣದಿಂದ ಆಗುವ ಕೆಲಸವನ್ನು ನಗರದ ಗಾಳಿ ಯೋಜನೆಯೊಳಗೆ ಜೋಡಿಸಿಕೊಳ್ಳಬೇಕು, ನಡುವೆ ಬೀಳುವ ಕೊರತೆಯನ್ನಷ್ಟೇ ಎನ್‌ಸಿಎಪಿಯ ಹಣ ತುಂಬಬೇಕು ಎಂಬುದು ಅದರ ಲೆಕ್ಕಾಚಾರ.

ಈ ಭಾಗದ ಜನಕ್ಕೆ ಇದು ಹೊಸದೇನೂ ಅಲ್ಲ. ಜಾತ್ರೆಯ ದಾಸೋಹದಲ್ಲಿ ಒಬ್ಬರು ಗೋಧಿ ಕೊಡುತ್ತಾರೆ, ಒಬ್ಬರು ಬೆಲ್ಲ, ಇನ್ನೊಬ್ಬರು ಒಂದು ಗಾಡಿ ಕಟ್ಟಿಗೆ. ಬೆಲ್ಲ ಕೊಟ್ಟವರ ಹೆಸರು ಬೆಲ್ಲದ ಮುಂದೆ, ಗೋಧಿ ಕೊಟ್ಟವರ ಹೆಸರು ಗೋಧಿಯ ಮುಂದೆ ಬರೆದಿರುತ್ತದೆ. ಒಬ್ಬರ ಚೀಲಕ್ಕೆ ಇನ್ನೊಬ್ಬರು ಕೈ ಹಾಕುವುದಿಲ್ಲ. ಆದರೆ ಒಲೆ ಒಂದೇ, ಹುಗ್ಗಿ ಒಂದೇ, ಉಣ್ಣುವ ದಿನವೂ ಒಂದೇ. ಅಭಿಸರಣವೆಂದರೂ ಅಷ್ಟೇ. ಹಣ ಬೆರೆಯುವುದಿಲ್ಲ, ಕೆಲಸ ಬೆರೆಯುತ್ತದೆ. ಒಂದು ಯೋಜನೆ, ಒಂದು ತಾರೀಖಿನ ಪಟ್ಟಿ. ಯಾವ ಖರ್ಚು ಯಾವ ಬಾಬತ್ತಿನಿಂದ ಎಂದು ಮೊದಲೇ ಬರೆದಿಟ್ಟರೆ ಲೆಕ್ಕ ತಪಾಸಣೆಯವರಿಗೂ ತಕರಾರಿಲ್ಲ.

ಉದಾಹರಣೆಗೆ ಒಂದು ಕಬ್ಬಿನ ಊರು ಎಂದುಕೊಳ್ಳೋಣ. ಹಂಗಾಮು ಶುರುವಾಗುವ ಮೊದಲು, ದೀಪಾವಳಿಯ ಆಸುಪಾಸಿಗೆ, ಒಂದು ಹೊಲದಲ್ಲಿ ರವದಿ ಸುಡದೆ ಕೂಳೆ ಬೆಳೆಸುವ ಪ್ರಾತ್ಯಕ್ಷಿಕೆಗೆ ಕೃಷಿ ಇಲಾಖೆ ಒಪ್ಪುತ್ತದೆ. ಒಂದು ಹೆಕ್ಟೇರ್ ಕಬ್ಬಿನಿಂದ 8ರಿಂದ 10 ಟನ್ ರವದಿ ಬರುತ್ತದೆ. ಅದನ್ನು ಸಾಲಿನ ನಡುವೆ ಹಾಸಿ, ಯೂರಿಯಾ, ಸೂಪರ್ ಫಾಸ್ಫೇಟ್ ಮತ್ತು ಕೊಳೆಸುವ ಜೀವಾಣು ಪುಡಿ ಚೆಲ್ಲಿ ನೀರು ಕಟ್ಟಿದರೆ ಅಲ್ಲೇ ಗೊಬ್ಬರವಾಗುತ್ತದೆ, ತೇವ ಆರುವುದಿಲ್ಲ, ಕಳೆಯೂ ಕಡಿಮೆ. ಬೇಸಿಗೆಯಲ್ಲಿ ನೀರಿಗೆ ಬಾಯಿ ಬಿಡುವ ಈ ನೆಲದಲ್ಲಿ ಶ್ವಾಸಕೋಶದ ಮಾತಿಗಿಂತ ಈ ಮಾತು ಬೇಗ ನಾಟುತ್ತದೆ. ಅದೇ ವಾರ ಆಶಾ ಕಾರ್ಯಕರ್ತೆಯರು ಆರೋಗ್ಯ ಸಮಿತಿಯ ಹಣದಲ್ಲಿ ಹೆಂಗಸರ ಸಭೆ ಕರೆದು ಒಲೆಯ ಹೊಗೆಯ ಬಗ್ಗೆ, ದಮ್ಮು ಮತ್ತು ಕೂಸುಗಳ ಕೆಮ್ಮಿನ ಬಗ್ಗೆ ಹೇಳುತ್ತಾರೆ. ಸ್ವಚ್ಛ ಭಾರತದ ಬಾಬತ್ತಿನಿಂದ ಸಂಜೆ ಕಲಾಪಥಕದ ಕಾರ್ಯಕ್ರಮ. ಡಂಗುರ ಸಾರಿಸುವುದು, ಮಂಟಪ, ಧ್ವನಿವರ್ಧಕದ ಖರ್ಚು ಪಂಚಾಯತಿಯದು. ಎಲ್ಲದರ ಕಾಗದ, ಫೋಟೋ ಸೇರಿ ಮಾಝಿ ವಸುಂಧರಾದ ವಾಯು ವಿಭಾಗಕ್ಕೆ ಹೋಗುತ್ತದೆ. ಇಲ್ಲಿ ಹೊಸ ಅನುದಾನ ಒಂದು ಪೈಸೆಯೂ ಬೇಕಾಗಲಿಲ್ಲ. ಬೇಕಾದದ್ದು ನಾಲ್ಕು ಇಲಾಖೆಯವರು ಒಂದು ದಿನ ಒಂದೇ ಜಮಖಾನೆಯ ಮೇಲೆ ಕೂಡುವುದು. ಅದೇ ಕಷ್ಟದ ಕೆಲಸ ಎನ್ನುವವರೂ ಇದ್ದಾರೆ.

ಗಾಡಗೇಬಾಬಾರ ಹೆಸರಿನ ಪಾಠ

ಇಂಥದ್ದು ನಡೆದೇ ಇಲ್ಲವೆಂದಲ್ಲ. ಸಾಂಗ್ಲಿ ಜಿಲ್ಲೆಯ ತಾಸಗಾಂವ ಕಡೆಯ ಆರ್.ಆರ್. ಪಾಟೀಲರು ರಾಜ್ಯದ ಗ್ರಾಮವಿಕಾಸ ಮಂತ್ರಿಯಾಗಿದ್ದಾಗ 2000ರಲ್ಲಿ ಸಂತ ಗಾಡಗೇಬಾಬಾ ಗ್ರಾಮ ಸ್ವಚ್ಛತಾ ಅಭಿಯಾನ ಶುರು ಮಾಡಿದರು. ಕಸಬರಿಗೆ ಹಿಡಿದು ಹಗಲು ಊರು ಗುಡಿಸಿ ರಾತ್ರಿ ಕೀರ್ತನ ಮಾಡುತ್ತಿದ್ದ ಆ ಸಂತರ ಹೆಸರೇ ಅಭಿಯಾನಕ್ಕೆ ಅರ್ಧ ಬಲ ಕೊಟ್ಟಿತು. ಪ್ರತಿ ಊರಿಗೆ ಸರಕಾರ ಹಣ ಹಂಚಲಿಲ್ಲ, ಗೆದ್ದ ಊರಿಗೆ ಬಹುಮಾನ ಇಟ್ಟಿತು. ಊರವರು ತಾವೇ ಪಟ್ಟಿ ಎತ್ತಿ, ತಾವೇ ದುಡಿದು ಗಟಾರ ತೆಗೆದರು, ಗೋಡೆಗೆ ಸುಣ್ಣ ಹೊಡೆದರು. ಪಕ್ಕದ ಊರಿಗಿಂತ ಹಿಂದೆ ಬೀಳಬಾರದೆಂಬ ಹಟ ಸರಕಾರಿ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿತು. ಪರೀಕ್ಷಕರ ಜೀಪು ಹೋದ ಮೇಲೆ ಮತ್ತೆ ತಿಪ್ಪೆ ಬೆಳೆದ ಊರುಗಳೂ ಇವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಗಾಳಿಯ ವಿಷಯದಲ್ಲಿ ಒಂದು ಅಡಚಣೆ ಹೆಚ್ಚಿನದು. ಗಟಾರ ಕಣ್ಣಿಗೆ ಕಾಣುತ್ತದೆ, ಗಾಳಿ ಕಾಣುವುದಿಲ್ಲ. ಅಳೆಯುವ ಯಂತ್ರಗಳು ಬಹುತೇಕ ನಗರಗಳಲ್ಲಿವೆ. ಅಳತೆಯೇ ಇಲ್ಲದ ಕಡೆ ಸುಧಾರಣೆ ಆಯಿತೋ ಇಲ್ಲವೋ ಎಂದು ಯಾವ ಪರೀಕ್ಷಕರು ಹೇಳಬೇಕು? ಎಷ್ಟು ಹೊಲಗಳಲ್ಲಿ ರವದಿ ಸುಡಲಿಲ್ಲ, ಎಷ್ಟು ಮನೆಗಳಲ್ಲಿ ಒಲೆ ಆರಿತು ಎಂದು ಊರೇ ಎಣಿಸಿಕೊಳ್ಳಬೇಕಾಗುತ್ತದೆ.

ಯಾವ ಭಾಷೆಯಲ್ಲಿ ಹೇಳುವುದು?

ಗಡಿನಾಡಿನಲ್ಲಿ ಈ ಪ್ರಶ್ನೆ ಬಿಟ್ಟು ಜಾಗೃತಿಯ ಮಾತಾಡಿದರೆ ಅರ್ಥವಿಲ್ಲ. ಪೇಟೆಗೆ ಹೋಗಿಬರುವ ಗಂಡಸರಿಗೆ, ಶಾಲೆ ಕಲಿತವರಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೆ ದಿನಕ್ಕೆ ಮೂರು ತಾಸು ಒಲೆಯ ಮುಂದೆ ಕೂಡುವ ಅತ್ತೆ, ಅಜ್ಜಿಯರಲ್ಲಿ ಕನ್ನಡವೊಂದೇ ಬಲ್ಲವರು ಅಕ್ಕಲಕೋಟ, ಜತ್ತ ತಾಲೂಕುಗಳಲ್ಲಿ ಇನ್ನೂ ಇದ್ದಾರೆ. ಹೊಗೆ ಹೆಚ್ಚು ಕುಡಿಯುವವರಿಗೇ ಹೊಗೆಯ ಕರಪತ್ರ ಓದಲು ಬಾರದು.

ಇದು ಉಪಕಾರ ಬೇಡುವ ಮಾತಲ್ಲ. ಜಿಲ್ಲೆಯಲ್ಲಾಗಲಿ ಅದಕ್ಕಿಂತ ಕೆಳಗಿನ ಹಂತದಲ್ಲಾಗಲಿ ಶೇ. 15ರಷ್ಟು ಜನ ಒಂದು ಅಲ್ಪಸಂಖ್ಯಾತ ಭಾಷೆ ಆಡುವವರಿದ್ದರೆ ಮುಖ್ಯ ನಿಯಮ, ಸೂಚನೆಗಳನ್ನು ಆ ಭಾಷೆಯಲ್ಲಿಯೂ ಪ್ರಕಟಿಸಬೇಕು ಎಂಬುದು ಭಾಷಾ ಅಲ್ಪಸಂಖ್ಯಾತರಿಗಾಗಿ ದೇಶದಲ್ಲಿ ಒಪ್ಪಿಕೊಂಡ ರಕ್ಷಣೆಗಳಲ್ಲಿ ಒಂದು. ಆ ಬೇಡಿಕೆ ಇಡುವಾಗ ಸಾಮಾನ್ಯವಾಗಿ ಶಾಲೆ, ನಾಮಫಲಕಗಳ ಹೆಸರು ಬರುತ್ತದೆ, ಆರೋಗ್ಯದ ಹೆಸರು ಬರುವುದಿಲ್ಲ. ಕನ್ನಡದಲ್ಲಿ ಬರೆಯುವವರು ಯಾರು ಎಂಬ ಕಚೇರಿಯ ಸಬೂಬಿಗೂ ಉತ್ತರವಿದೆ. ಕಲಬುರಗಿ ಇದೇ ಎನ್‌ಸಿಎಪಿ ಪಟ್ಟಿಯ ನಗರ, ಅಲ್ಲಿನ ಜನಕ್ಕೆ ಹೇಳಬೇಕಾದ್ದು ಕನ್ನಡದಲ್ಲಿಯೇ. ಅಲ್ಲಿಂದ ಸಾಮಗ್ರಿ ತರಿಸಿಕೊಂಡರೆ ಅನುವಾದದ ಖರ್ಚೂ ಇಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳ ಗುರುಗಳಿದ್ದಾರೆ, ಡೊಳ್ಳಿನ ಪದದವರು, ಭಜನೆಯವರು ಇದ್ದಾರೆ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ನಂದಿಕೋಲು ನೋಡಲು ಎರಡೂ ರಾಜ್ಯದ, ಎರಡೂ ಭಾಷೆಯ ಜನ ಕೂಡುವಂಥ ವೇದಿಕೆ ಯಾವ ಜಾಹೀರಾತು ಕಂಪನಿಗೂ ಸಿಗದು.

ರಾಜ್ಯಗಳ ನಡುವೆ ಇಂಥ ಕೊಡುಕೊಳ್ಳುವಿಕೆಗೆ ಕಾಯಂ ವ್ಯವಸ್ಥೆ ಇಲ್ಲದಿರುವುದು ದೊಡ್ಡ ಕೊರತೆ. ದೆಹಲಿಯ ಸುತ್ತಿನ ಗಾಳಿಗಾಗಿ ದೆಹಲಿ, ಹರಿಯಾಣ, ಪಂಜಾಬ್, ರಾಜಸ್ಥಾನ, ಉತ್ತರ ಪ್ರದೇಶಗಳನ್ನು ಸೇರಿಸಿ 2021ರಲ್ಲಿ ಸಂಸತ್ತು ಕಾಯ್ದೆ ಮಾಡಿ ಒಂದು ಆಯೋಗ ರಚಿಸಿತು. ಸೊಲ್ಲಾಪುರ, ವಿಜಯಪುರ, ಕಲಬುರಗಿಗಳಿಗೆ ಅಂಥದ್ದು ಇಲ್ಲ. ಇಲ್ಲಿಯೂ ಗಡಿಯ ಈಚೆ ಫತಾಟೆವಾಡಿ-ಆಹೇರವಾಡಿಯಲ್ಲಿ 1320 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ, ಆಚೆ ಕೂಡಗಿಯಲ್ಲಿ 2400 ಮೆಗಾವಾಟಿನದು.

ಈ ಸ್ಥಾವರಗಳ ಮಾತು ಬಂದಲ್ಲಿ ಒಂದು ಎಚ್ಚರಿಕೆಯೂ ಬೇಕು. ಜಾಗೃತಿ ಎಂದರೆ ಬಡವರಿಗೆ ಬುದ್ಧಿ ಹೇಳುವುದು ಎಂದಾಗಬಾರದು. 2016ರ ಮೇ 1ರಂದು ಶುರುವಾದ ಉಜ್ವಲಾದಿಂದ ಗ್ಯಾಸಿನ ಒಲೆ ಬಂದ ಎಷ್ಟೋ ಮನೆಗಳಲ್ಲಿ ಚಹಾಕ್ಕೆ ಗ್ಯಾಸು, ರೊಟ್ಟಿಗೆ ತೊಗರಿ ಕಟ್ಟಿಗೆ ಎಂಬ ಪದ್ಧತಿ ಉಳಿದಿರುವುದು ತಿಳಿವಳಿಕೆ ಇಲ್ಲದ್ದಕ್ಕಲ್ಲ, ಸಿಲಿಂಡರ್ ಮತ್ತೆ ತುಂಬಿಸುವ ಖರ್ಚಿಗೆ. ಅವರಿಗೆ ಹೊಗೆ ಕೆಟ್ಟದ್ದೆಂದು ಹೇಳುವ ಅಗತ್ಯವಿಲ್ಲ, ಅವರ ಕಣ್ಣಿಗೇ ಗೊತ್ತು. ಸಬ್ಸಿಡಿ ಏಕೆ ಜಮಾ ಆಗಲಿಲ್ಲ, ಅರ್ಜಿ ಎಲ್ಲಿ ಕೊಡಬೇಕು ಎಂದು ಹೇಳುವುದೇ ಅಲ್ಲಿ ನಿಜವಾದ ಜಾಗೃತಿ. ಸುತ್ತಲಿನ ಉದ್ದಿಮೆಯ ಚಿಮಣಿಯಿಂದ ಏನು ಬರುತ್ತದೆ ಎಂಬ ಅಳತೆಯನ್ನು ಕನ್ನಡದಲ್ಲಿ ಪಂಚಾಯತಿಯ ಫಲಕಕ್ಕೆ ಹಚ್ಚುವುದೂ ಜಾಗೃತಿಯೇ. ಹಸಿರು ನ್ಯಾಯಮಂಡಳಿ 2019ರಲ್ಲಿ ಪ್ರತಿ ಜಿಲ್ಲೆಗೂ ಪರಿಸರ ಯೋಜನೆ ಇರಬೇಕೆಂದು ಹೇಳಿದೆ. ಅದನ್ನು ಕೇಳಿ ಪಡೆಯುವ ಹಕ್ಕು ಮಾಹಿತಿ ಹಕ್ಕಿನಡಿ ಯಾವ ಊರಿನವರಿಗೂ ಇದೆ.

ಗ್ರಾಮಸಭೆಯಲ್ಲಿ ಕೇಳಬೇಕಾದ್ದು

ಇದೆಲ್ಲ ಶುರುವಾಗುವ ಜಾಗ ಮುಂಬಯಿಯಲ್ಲಿಲ್ಲ, ಊರ ಗ್ರಾಮಸಭೆಯಲ್ಲಿದೆ. ‘ಆಮಚಂ ಗಾಂವ, ಆಮಚಾ ವಿಕಾಸ’ ಎಂದು ಮಹಾರಾಷ್ಟ್ರದಲ್ಲಿ ಕರೆಯುವ ಗ್ರಾಮ ಪಂಚಾಯತಿ ವಿಕಾಸ ಯೋಜನೆಯಲ್ಲಿ ಬರೆಸದ ಕೆಲಸಕ್ಕೆ ಪಂಚಾಯತಿಯ ಹಣ ಸಿಗುವುದು ಕಷ್ಟ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಈ ಯೋಜನೆಗೆ ಕೊಟ್ಟ ಒಂಬತ್ತು ವಿಷಯಗಳಲ್ಲಿ ‘ಸ್ವಚ್ಛ ಮತ್ತು ಹಸಿರು ಗ್ರಾಮ’ ಒಂದು. ಹೊಗೆಯ ಕೆಲಸವನ್ನು ಅದರ ಕೆಳಗೆ ಬರೆಸಲು ಯಾರ ಅಡ್ಡಿಯೂ ಇಲ್ಲ.

ಬರೆಸುವಾಗ ‘ವಾಯು ಮಾಲಿನ್ಯ ಜನಜಾಗೃತಿ’ ಎಂದು ಒಂದೇ ಸಾಲು ಹಾಕಿದರೆ ಅದು ಕಡತದಲ್ಲೇ ಮಲಗುತ್ತದೆ. ಯಾವ ತಿಂಗಳು, ಯಾವ ಕೆಲಸ, ಯಾವ ಇಲಾಖೆಯ ಯಾವ ಬಾಬತ್ತಿನಿಂದ, ಯಾವ ಭಾಷೆಯಲ್ಲಿ ಎಂಬ ನಾಲ್ಕೂ ಬರಬೇಕು. ಜೊತೆಗೆ, ಹಿಂದಿನ ವರ್ಷ ತಾಲೂಕಿನಲ್ಲಿ ಐಇಸಿ ಬಾಬತ್ತಿನ ಹಣ ಎಷ್ಟು ಬಂತು, ಯಾವ ಊರಲ್ಲಿ ಏನು ಮಾಡಲಾಯಿತು ಎಂದು ಪಂಚಾಯತ್ ಸಮಿತಿಗೆ ಕೇಳುವ ಠರಾವು ಮಾಡಿದರೆ, ಅದು ಖರ್ಚಾಯಿತೋ ಹಿಂದಿರುಗಿತೋ ಎಂಬುದೂ ತಿಳಿಯುತ್ತದೆ.

ಗ್ರಾಮಸಭೆ ಸಾಮಾನ್ಯವಾಗಿ ಸೇರುವುದು ಜನವರಿ 26, ಮೇ 1, ಆಗಸ್ಟ್ 15 ಮತ್ತು ಅಕ್ಟೋಬರ್ 2ರಂದು. ಮುಂದಿನ ವರ್ಷದ ಯೋಜನೆಯ ಮಾತು ಎತ್ತಲು ಅಕ್ಟೋಬರಿನ ಸಭೆಯೇ ಸರಿಯಾದ ಹೊತ್ತು. ಕಬ್ಬಿನ ಹಂಗಾಮು ಶುರುವಾಗಲು ಆಗ ಕೆಲವೇ ವಾರ ಉಳಿದಿರುತ್ತವೆ.